ನನ್ನ ಹೆಸರಿನ ಕಾಗದಗಳು: ರೊಟ್ಟಿ ಘಟಕಕ್ಕೆ ಸಾಲ ಪಡೆದ ಅನುಭವ

ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ತಯಾರಿಸುವ ಸಣ್ಣ ಘಟಕವೊಂದನ್ನು ನಾನು ನಡೆಸುತ್ತಿದ್ದೇನೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಡಿ 2023ರಲ್ಲಿ ನನಗೆ 5,40,000 ರೂಪಾಯಿ ಸಾಲ ಮಂಜೂರಾಯಿತು. ಸರ್ಕಾರದ ನೆರವಿಗಾಗಿ ಮೊದಲ ಅರ್ಜಿ ಹಾಕಿದ್ದು 2021ರ ನವೆಂಬರಿನಲ್ಲಿ, ಯಂತ್ರ ನಮ್ಮ ಅಂಗಳಕ್ಕೆ ಬಂದಿಳಿದದ್ದು 2023ರ ಆಗಸ್ಟಿನಲ್ಲಿ. ಈ ಇಪ್ಪತ್ತೊಂದು ತಿಂಗಳು ಹೇಗೆ ಕಳೆದವು, ಎಲ್ಲೆಲ್ಲಿ ಕೆಲಸ ನಿಂತಿತು, ಯಾವ ಕಾಗದ ಮೊದಲೇ ಇದ್ದಿದ್ದರೆ ಎಷ್ಟು ದಿನ ಉಳಿಯುತ್ತಿತ್ತು ಎಂಬುದನ್ನು, ನನ್ನಂತೆಯೇ ಮನೆಯ ಪಡಸಾಲೆಯಲ್ಲಿ ದುಡಿಯುತ್ತಿರುವ ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ರೊಟ್ಟಿ ಮಾರಲು ತೊಡಗಿದ್ದು 2019ರಲ್ಲಿ. ಹುಬ್ಬಳ್ಳಿಯ ಎರಡು ಖಾನಾವಳಿಗಳಿಗೆ ದಿನವೂ ಬೆಳಗಿನ ಬಸ್ಸಿನಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಖಾನಾವಳಿಗಳ ಬಾಗಿಲು ಮುಚ್ಚಿದಾಗ ಅದೆಲ್ಲ ನಿಂತುಹೋಯಿತು. ಮರುವರ್ಷ ಒಂದು ಕಿರಾಣಿ ಅಂಗಡಿಯವರು ಪ್ಯಾಕೆಟ್ ಮಾಡಿ ಕೊಟ್ಟರೆ ಮಾರುತ್ತೇವೆ, ಆದರೆ ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಇರಬೇಕು ಎಂದರು. ವರ್ಷಕ್ಕೆ 100 ರೂಪಾಯಿ ಶುಲ್ಕದ ಆ ನೋಂದಣಿಯನ್ನು ಮಾಡಿಸಿದೆ. ಕೇಂದ್ರದ ಯೋಜನೆಯಲ್ಲಿ ಈಗಾಗಲೇ ನಡೆಯುತ್ತಿರುವ ಘಟಕ ಎಂದು ತೋರಿಸಲು ಮುಂದೆ ನನ್ನ ಬಳಿ ಇದ್ದ ಅತ್ಯಂತ ಹಳೆಯ ದಾಖಲೆ ಅದೊಂದೇ ಆಯಿತು. ಅದಕ್ಕೂ ಮುಂಚೆ ಎರಡು ವರ್ಷ ದುಡಿದದ್ದಕ್ಕೆ ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಮೊದಲು ಅರ್ಜಿ ಹಾಕಿದ್ದು ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಗೆ. ಬ್ಯಾಂಕಿನ ಮೂಲಕ 3 ಲಕ್ಷ ರೂಪಾಯಿಯವರೆಗೆ ಸಾಲ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಹಿಳೆಯರಿಗೆ ಅದರಲ್ಲಿ ಶೇ 50, ಉಳಿದವರಿಗೆ ಶೇ 30, ಅಂದರೆ ಹೆಚ್ಚೆಂದರೆ 90,000 ರೂಪಾಯಿ ಸಹಾಯಧನ ಎಂಬುದು ಅದರ ಸ್ವರೂಪ. ಆಗ ಅರ್ಜಿಗಳನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಯಲ್ಲಿ ಪಡೆದು, ಶಾಸಕರ ಅಧ್ಯಕ್ಷತೆಯ ಸಮಿತಿ ಫಲಾನುಭವಿಗಳನ್ನು ಆಯ್ಕೆ ಮಾಡುತ್ತಿತ್ತು. ನಮ್ಮ ತಾಲ್ಲೂಕಿಗೆ ಆ ವರ್ಷ ಇದ್ದ ಗುರಿ ಚಿಕ್ಕದು, ಅರ್ಜಿ ಹಾಕಿದವರು ಬಹಳ ಮಂದಿ. 2022ರ ಮಾರ್ಚಿನಲ್ಲಿ ಬಂದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಂದು ಆ ಕಚೇರಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಅಲ್ಲಿಯ ಸಿಬ್ಬಂದಿಯೊಬ್ಬರು ಹೊರಗೆ ಬಂದವರು ನನ್ನನ್ನು ಕಂಡು, “ಇಷ್ಟಕ್ಕ ಬಿಡಬ್ಯಾಡ್ರಿ ಅಕ್ಕಾರ, ಮೊದಲ ಹೋಗಿ ತರಬೇತಿ ತಗೋರಿ, ಆಮ್ಯಾಲೆ ಬ್ಯಾರೆ ಯೋಜನೆಗೆ ಹಾಕ್ರಿ” ಎಂದು ಹೇಳಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯ ವಿಳಾಸವನ್ನು ಬರೆದುಕೊಟ್ಟರು. ಆ ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಈ ತರಬೇತಿ ಸಂಸ್ಥೆಗಳ ಮೂಲ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಆರಂಭವಾದ ರುಡ್‌ಸೆಟ್ ಸಂಸ್ಥೆಯನ್ನು ಮಾದರಿಯಾಗಿಟ್ಟುಕೊಂಡೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳು ಬಂದವು. ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಹತ್ತು ದಿನ ಮನೆ ಬಿಟ್ಟಿರುವುದಕ್ಕೆ ಒಪ್ಪಿಗೆ ಪಡೆಯುವುದೇ ನನಗೆ ದೊಡ್ಡ ಕೆಲಸವಾಯಿತು.

ಅಲ್ಲಿ ಎರಡನೆಯ ದಿನ ಒಂದು ಆಟ ಆಡಿಸಿದರು. ನೆಲದ ಮೇಲೆ ಒಂದು ಗೂಟ, ಅದರಿಂದ ದೂರ ದೂರಕ್ಕೆ ಸುಣ್ಣದ ಗೆರೆಗಳು. ಬಳೆಯಂಥ ಉಂಗುರವನ್ನು ಎಸೆದು ಗೂಟಕ್ಕೆ ಹಾಕಬೇಕು, ದೂರದ ಗೆರೆಯಿಂದ ಹಾಕಿದರೆ ಹೆಚ್ಚು ಅಂಕ. ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ಆರಿಸಿಕೊಳ್ಳಬೇಕು. ನಾವು ಇಪ್ಪತ್ತಾರು ಮಂದಿಯಲ್ಲಿ ಹೆಚ್ಚಿನವರು ಗೂಟಕ್ಕೆ ತೀರ ಹತ್ತಿರದ ಗೆರೆಯಲ್ಲಿ ನಿಂತೆವು. ತರಬೇತುದಾರರು ಯಾರನ್ನೂ ತಪ್ಪೆನ್ನಲಿಲ್ಲ. ಮೂರು ಸುತ್ತು ಆಡಿಸಿ, ಪ್ರತಿ ಸುತ್ತಿಗೂ ಮುಂಚೆ ಎಷ್ಟು ಅಂಕ ಬರುತ್ತದೆ ಎಂದು ಬರೆಸಿಕೊಂಡು, ಆಮೇಲೆ ಬಂದದ್ದನ್ನು ಅದರ ಪಕ್ಕದಲ್ಲೇ ಬರೆಸಿದರು. ಅಂದುಕೊಂಡದ್ದನ್ನೂ ಆದದ್ದನ್ನೂ ಅಕ್ಕಪಕ್ಕ ಬರೆದಿಡುವ ಅಭ್ಯಾಸ ನನಗೆ ಅಲ್ಲಿಂದ ಬಂತು. ಮೂರನೆಯ ಸುತ್ತಿನಲ್ಲಿ ನಾನು ನಾಲ್ಕನೆಯ ಗೆರೆಗೆ ಸರಿದು ನಿಂತಿದ್ದೆ.

ಪಿಎಂಎಫ್‌ಎಂಇ ಯೋಜನೆಯ ಬಗ್ಗೆ ಕೇಳಿದ್ದೂ ಆ ತರಬೇತಿಯಲ್ಲೇ. ಯೋಜನಾ ವೆಚ್ಚದ ಶೇ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಯೋಜನೆಯಿಂದ ಸಹಾಯಧನವಾಗಿ ಕೊಡುತ್ತಾರೆ. ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ ಶೇ 15 ಸೇರಿಸುವುದರಿಂದ ನಮ್ಮ ರಾಜ್ಯದಲ್ಲಿ ಒಟ್ಟು ಶೇ 50 ಆಗುತ್ತದೆ. ಕನಿಷ್ಠ ಶೇ 10ರಷ್ಟನ್ನು ನಾವು ಕೈಯಿಂದ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಎಂದು ಕರೆಯಲಾಗುವ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಅರ್ಜಿ ಹಾಕುವುದರಿಂದ ಹಿಡಿದು ಯೋಜನಾ ವರದಿ ಬರೆಯುವವರೆಗೆ ನಮ್ಮ ಜೊತೆ ನಿಲ್ಲಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿರುತ್ತಾರೆ, ಅವರ ಸಂಭಾವನೆಯನ್ನು ಯೋಜನೆಯೇ ಕೊಡುತ್ತದೆ, ನಾವು ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮೂರಿನ ಸಂತೆಯಲ್ಲಿ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದು, ಸಬ್ಸಿಡಿ ಮಾಡಿಸಿಕೊಡುತ್ತೇನೆ, ಬಂದ ಹಣದಲ್ಲಿ ನೂರಕ್ಕೆ ಹತ್ತು ಕೊಡಬೇಕು ಎಂದು ಕೇಳಿದ್ದರು. ತಿಳಿಯದೆ ಒಪ್ಪಿಕೊಂಡಿದ್ದರೆ 30,000 ರೂಪಾಯಿ ಹೋಗುತ್ತಿತ್ತು. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿಯೂ ಹಾಗೆಯೇ. ಆಧಾರ್ ಮತ್ತು ಪ್ಯಾನ್ ಸಂಖ್ಯೆ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಆಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಗೆ ಬಂದ ಸಂಪನ್ಮೂಲ ವ್ಯಕ್ತಿ ನನಗಿಂತ ಹತ್ತು ವರ್ಷ ಚಿಕ್ಕವನು. ಪಡಸಾಲೆಯಲ್ಲಿ ಕುಳಿತು, ಒಂದು ರೊಟ್ಟಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಕೇಳಿದ. ನನಗೆ ಹೇಳಲಾಗಲಿಲ್ಲ. ಮೂರು ವರ್ಷ ರೊಟ್ಟಿ ಮಾರಿದವಳಿಗೆ ಒಂದು ರೊಟ್ಟಿಯ ಖರ್ಚು ಗೊತ್ತಿರಲಿಲ್ಲ. ಅಂದು ಸಂಜೆಯವರೆಗೆ ಕುಳಿತು ಇಬ್ಬರೂ ಲೆಕ್ಕ ಹಾಕಿದೆವು. ಜೋಳ ಕಿಲೋಗೆ 38 ರೂಪಾಯಿ, ಗಿರಣಿಗೆ 4 ರೂಪಾಯಿ, ಕಿಲೋ ಹಿಟ್ಟಿಗೆ ಹದಿನೆಂಟು ರೊಟ್ಟಿ. ಅಲ್ಲಿಗೆ ಒಂದು ರೊಟ್ಟಿಯ ಹಿಟ್ಟಿಗೆ 2 ರೂಪಾಯಿ 33 ಪೈಸೆ. ಕಟ್ಟಿಗೆಗೆ 60 ಪೈಸೆ, ಬಡಿದು ಬೇಯಿಸುವ ಕೂಲಿ 1 ರೂಪಾಯಿ, ಪ್ಯಾಕೆಟ್ ಮತ್ತು ಬಸ್ಸಿನ ಬಾಡಿಗೆಗೆ 50 ಪೈಸೆ. ಒಟ್ಟು 4 ರೂಪಾಯಿ 43 ಪೈಸೆ ಬಿದ್ದ ರೊಟ್ಟಿಯನ್ನು ನಾನು 5 ರೂಪಾಯಿಗೆ ಮಾರುತ್ತಿದ್ದೆ. ದಿನಕ್ಕೆ 300 ರೊಟ್ಟಿಗೆ ನನಗೆ ಉಳಿಯುತ್ತಿದ್ದದ್ದು 171 ರೂಪಾಯಿ. ಬೆಳಗಿನ ನಾಲ್ಕು ಗಂಟೆಗೆ ಏಳುವ ನನ್ನ ದುಡಿಮೆಗೆ ಅದು ಕೂಲಿಯೂ ಅಲ್ಲ, ಲಾಭವೂ ಅಲ್ಲ. ಅವನು ಪುಸ್ತಕ ಮುಚ್ಚಿ, “ಅಕ್ಕಾರ, ಸಾಲಕ್ಕಿಂತ ಮೊದಲ ದರ ಏರಸ್ರಿ” ಎಂದ. ಮರುವಾರವೇ ದರವನ್ನು 6 ರೂಪಾಯಿ ಮಾಡಿದೆ. ಒಬ್ಬ ಗಿರಾಕಿಯೂ ಬಿಟ್ಟುಹೋಗಲಿಲ್ಲ. ಸಾಲ ಬರುವುದಕ್ಕಿಂತ ಎಂಟು ತಿಂಗಳು ಮುಂಚೆ ನನ್ನ ಮನೆಯ ಆದಾಯ ಹೆಚ್ಚಿದ್ದು ಆ ಒಂದು ಸಂಜೆಯ ಲೆಕ್ಕದಿಂದ.

ಅಂದಿನಿಂದ ಪ್ರತಿ ಜಮೆಯನ್ನೂ ನನ್ನ ಬ್ಯಾಂಕ್ ಖಾತೆಗೇ ಹಾಕಿಸುತ್ತ ಬಂದೆ. ಅಲ್ಲಿಯವರೆಗೆ ಫೋನ್‌ಪೇ ಇದ್ದದ್ದು ಪತಿಯ ಫೋನಿನಲ್ಲಿ, ಆದ್ದರಿಂದ ರೊಟ್ಟಿಯ ಹಣವೆಲ್ಲ ಅವರ ಖಾತೆಗೆ ಹೋಗುತ್ತಿತ್ತು. ಅವರು ಒಂದು ಪೈಸೆಯನ್ನೂ ನನ್ನನ್ನು ಕೇಳದೆ ಮುಟ್ಟಿದವರಲ್ಲ. ಆದರೂ ಬ್ಯಾಂಕಿನವರ ಕಣ್ಣಿಗೆ ನನ್ನ ಖಾತೆ ಬರಿದಾಗಿತ್ತು, ವ್ಯವಹಾರ ಪತಿಯದಾಗಿತ್ತು.

ಜಾಗದ ಕಾಗದ ಇನ್ನೊಂದು ಅಧ್ಯಾಯ. ಯಂತ್ರ ಕೂಡಿಸಬೇಕಾದ ಶೆಡ್ಡು ಇರುವುದು ಅತ್ತೆಯವರ ಹೆಸರಿನಲ್ಲಿ. ಸಾಲದ ಅವಧಿ ಮುಗಿಯುವವರೆಗೆ ಆ ಜಾಗವನ್ನು ನಾನು ಬಳಸಬಹುದು ಎಂಬುದಕ್ಕೆ ಬ್ಯಾಂಕಿಗೆ ಬಾಡಿಗೆ ಕರಾರು ಬೇಕು. ಅತ್ತೆಯವರಿಗೆ ಇದನ್ನು ಹೇಳಿದಾಗ ಅವರು ಬಹಳ ನೊಂದುಕೊಂಡರು. “ನಮ್ಮ ಮನ್ಯಾಗ ನಾವ ಬಾಡಿಗಿ ಬರ್ಕೋಳೂದಂದ್ರೇನಬೇ? ಮಂದಿ ಏನಂದಾರು, ಸೊಸಿನ್ನ ಬ್ಯಾರೆ ಹಾಕ್ಯಾರ ಅಂತಾರ” ಎಂದು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನಾನು ಕರಾರಿನ ಒಕ್ಕಣೆಯನ್ನು ಒಲೆಯ ಮುಂದೆ ಕುಳಿತು ಸಾಲು ಸಾಲಾಗಿ ಓದಿ ಹೇಳಿದೆ. ಮನೆ ಅವರದೇ ಆಗಿ ಉಳಿಯುತ್ತದೆ, ಈ ಕಾಗದದಿಂದ ಅದು ನನಗೂ ಬರುವುದಿಲ್ಲ, ಬ್ಯಾಂಕಿಗೂ ಹೋಗುವುದಿಲ್ಲ ಎಂಬುದು ಮನದಟ್ಟಾದ ಮೇಲೆ ಅವರು ಸಹಿಯನ್ನೇ ಮಾಡುತ್ತೇನೆ, ಹೆಬ್ಬೆಟ್ಟು ಒತ್ತುವುದಿಲ್ಲ ಎಂದರು. ಐವತ್ತು ವರ್ಷದ ಹಿಂದೆ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಸಲ ತಮ್ಮ ಹೆಸರು ಬರೆದು ನೋಡಿ, ಐದನೆಯದನ್ನು ಛಾಪಾ ಕಾಗದದ ಮೇಲೆ ಬರೆದರು.

ಬ್ಯಾಂಕಿನ ಶಾಖೆಗೆ ಕಡತ ಹೋದದ್ದು ಡಿಸೆಂಬರಿನಲ್ಲಿ. ಮೊದಲ ಭೇಟಿಯಲ್ಲಿ ಕೇಳಿದ ಪ್ರಶ್ನೆ, ಯಜಮಾನರು ಬಂದಿಲ್ಲವೇ ಎಂಬುದು. ಎರಡನೆಯ ಭೇಟಿಯಲ್ಲಿ ಸರ್ಕಾರಿ ನೌಕರರೊಬ್ಬರ ಜಾಮೀನು ಅಥವಾ ಜಾಗದ ಪತ್ರ ಕೇಳಿದರು. ಸಣ್ಣ ಉದ್ದಿಮೆಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಆಗ ಜಾರಿಯಲ್ಲಿತ್ತು. ನಾನು ಜಗಳ ಮಾಡಲಿಲ್ಲ. ತರಬೇತಿಯಲ್ಲಿ ಕೊಟ್ಟಿದ್ದ ಹಾಳೆಯಲ್ಲಿ ಆ ನಿಯಮವಿದ್ದ ಕಡೆ ಗೆರೆ ಎಳೆದು ಮೇಜಿನ ಮೇಲಿಟ್ಟೆ. ವ್ಯವಸ್ಥಾಪಕರು ಓದಿ, ಸಾಲ ಖಾತರಿ ನಿಧಿಯಡಿ ತೆಗೆದುಕೊಳ್ಳೋಣ ಎಂದರು. ಮತ್ತೆ ಆ ಮಾತು ಬರಲಿಲ್ಲ.

ದೊಡ್ಡ ತಡೆ ಬಂದದ್ದು ಜನವರಿಯಲ್ಲಿ. ನನ್ನ ಸಾಲದ ಇತಿಹಾಸದಲ್ಲಿ ಬಾಕಿ ಇದೆ, ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಎಂದರು. ನಾನು ಯಾರ ಸಾಲವನ್ನೂ ಉಳಿಸಿಕೊಂಡವಳಲ್ಲ. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: 2019ರಲ್ಲಿ ಒಂದು ಕಿರುಸಾಲ ಸಂಸ್ಥೆಯಿಂದ ಗುಂಪಿನ ಮೂಲಕ 25,000 ರೂಪಾಯಿ ಪಡೆದಿದ್ದೆ. ಲಾಕ್‌ಡೌನಿನಲ್ಲಿ ಕಂತು ಮುಂದೂಡುವ ಅವಕಾಶ ಬಂದಾಗ ಎಲ್ಲರಂತೆ ನಾನೂ ಬಳಸಿಕೊಂಡು, 2021ರ ಫೆಬ್ರುವರಿಯಲ್ಲಿ ಪೂರ್ತಿ ತೀರಿಸಿದ್ದೆ. ಕಾರ್ಡಿನ ಮೇಲೆ ‘ಮುಕ್ತಾಯ’ ಎಂದು ಬರೆದು ಮೊಹರು ಹಾಕಿದ್ದರು. ಆದರೆ ಮುಂದೂಡಿದ ತಿಂಗಳುಗಳ ಬಡ್ಡಿ 1,340 ರೂಪಾಯಿ ಅವರ ಗಣಕದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ ನನ್ನ ಹೆಸರಿನ ಮುಂದೆ ಸುಸ್ತಿ ಎಂದು ಬರೆದಿತ್ತು.

ಇಲ್ಲಿ ಒಂದು ವಿಷಯವನ್ನು ವಿವರವಾಗಿ ಹೇಳಬೇಕು. ನಾವೆಲ್ಲ ‘ಸಿಬಿಲ್’ ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ, ಆದರೆ ದೇಶದಲ್ಲಿ ಇಂಥ ಮಾಹಿತಿ ಇಡುವ ಸಂಸ್ಥೆಗಳು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ನಾನು ತರಬೇತಿಯ ಸಮಯದಲ್ಲಿ ಸಿಬಿಲ್ ವರದಿ ತೆಗೆಸಿ, ಅದರಲ್ಲಿ ಏನೂ ಇಲ್ಲವೆಂದು ನಿಶ್ಚಿಂತೆಯಿಂದ ಇದ್ದೆ. ಗುಂಪಿನ ಸಾಲ ಕಾಣಿಸಿದ್ದು ಕ್ರಿಫ್ ಹೈಮಾರ್ಕ್ ವರದಿಯಲ್ಲಿ. ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಮಗಿದೆ. ಸಂಘದ ಸಾಲ, ಗುಂಪಿನ ಸಾಲ ತೆಗೆದುಕೊಂಡ ಹೆಣ್ಣುಮಕ್ಕಳು ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲು ನಾಲ್ಕನ್ನೂ ನೋಡಿಕೊಳ್ಳಬೇಕು ಎಂಬುದು ಈ ಇಡೀ ಬರಹದಲ್ಲಿ ನಾನು ಕೊಡಬಲ್ಲ ಅತ್ಯಂತ ಉಪಯುಕ್ತ ಸಲಹೆ.

ಆ ಕಿರುಸಾಲ ಸಂಸ್ಥೆಯ ಕಚೇರಿಗೆ ಮೂರು ಸಲ ಹೋದೆ. ಮೊಹರು ಹಾಕಿದ ಸಿಬ್ಬಂದಿ ಕೆಲಸ ಬಿಟ್ಟಿದ್ದರು. ಕಾರ್ಡು ತೋರಿಸಿದರೂ ಗಣಕದಲ್ಲಿ ಇದ್ದದ್ದೇ ಸರಿ ಎಂದರು. ಕೊನೆಗೆ 1,340 ರೂಪಾಯಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ವರದಿ ತಿದ್ದುವಂತೆ ದೂರು ದಾಖಲಿಸಿದೆ. ಮೂವತ್ತು ದಿನಗಳಲ್ಲಿ ತಿದ್ದಬೇಕು ಎಂಬುದು ಕಾನೂನು. ನನ್ನದು ಐವತ್ತೆರಡು ದಿನ ಹಿಡಿಯಿತು. ಈಗ ಮೂವತ್ತು ದಿನ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ, ಅದು 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ನನಗೆ ಅದರ ಪ್ರಯೋಜನ ಸಿಗಲಿಲ್ಲ, ಮುಂದಿನವರಿಗೆ ಸಿಗುತ್ತದೆ.

ಆ ಐವತ್ತೆರಡು ದಿನ ಸುಮ್ಮನೆ ಕುಳಿತುಕೊಳ್ಳಲು ಮನಸ್ಸಾಗದೆ ಯಂತ್ರ ನೋಡಲು ಓಡಾಡಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಡೆ ಗಂಟೆಗೆ 800 ರೊಟ್ಟಿ ಮಾಡುತ್ತದೆ ಎಂದು ತೋರಿಸಿದ ಯಂತ್ರದಿಂದ ರೊಟ್ಟಿಗಳು ಚಂದವಾಗಿ, ದುಂಡಗೆ ಬೀಳುತ್ತಿದ್ದವು. ಹಿಟ್ಟನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿದೆ. ಹರಿಯಲಿಲ್ಲ, ರಬ್ಬರಿನಂತೆ ಹಿಗ್ಗಿತು. ಅದರಲ್ಲಿ ಗೋಧಿ ಹಿಟ್ಟು ಬೆರೆತಿತ್ತು. ಜೋಳದ ಹಿಟ್ಟಿಗೆ ಆ ಜಿಗಿ ಇರುವುದಿಲ್ಲ, ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಮುಂದಿನ ಸಲ ನಮ್ಮ ಮನೆಯ ಜೋಳದ ಹಿಟ್ಟು ಐದು ಕಿಲೋ ಕಟ್ಟಿಕೊಂಡು ಹೋಗಿ, ಮೂರು ಕಡೆ ನನ್ನ ಕೈಯಿಂದಲೇ ಎಸರು ಹಾಕಿ ನಾದಿಕೊಟ್ಟು ಒತ್ತಿಸಿ ನೋಡಿದೆ. ಎರಡು ಕಡೆ ಅಂಚು ಸೀಳಿತು. ಮೂರನೆಯದರಲ್ಲಿ ರೊಟ್ಟಿ ಸೀಳಲಿಲ್ಲ, ಹಂಚಿನ ಮೇಲೆ ಹಾಕಿದಾಗ ಉಬ್ಬಿತು. ಅದನ್ನೇ ಆರಿಸಿಕೊಂಡೆ. ಅದು ಒತ್ತಿ ಕೊಡುತ್ತದೆ, ಬೇಯಿಸುವುದು ಮಾತ್ರ ಕೈಯಿಂದಲೇ ಆಗಬೇಕು. ಪೂರ್ತಿ ಸ್ವಯಂಚಾಲಿತ ಯಂತ್ರ ತಂದಿದ್ದರೆ ನನ್ನೊಂದಿಗೆ ಆರಂಭದಿಂದ ದುಡಿದ ಇಬ್ಬರಿಗೆ ಕೆಲಸವಿರುತ್ತಿರಲಿಲ್ಲ. ಈಗ ಐವರು ದುಡಿಯುತ್ತಿದ್ದಾರೆ.

ಯಂತ್ರ, ನಾದುವ ಸಾಧನ, ಚಟ್ನಿ ಪುಡಿ ಮಾಡುವ ಗಿರಣಿ, ಪ್ಯಾಕಿಂಗ್ ಸಾಮಾನು, ಮೂರು ಫೇಸ್ ವಿದ್ಯುತ್ತಿನ ವೈರಿಂಗ್ ಎಲ್ಲ ಸೇರಿ 6,00,000 ರೂಪಾಯಿ. ನನ್ನ ಪಾಲಿನ 60,000ದಲ್ಲಿ 35,000 ಉಳಿತಾಯದ್ದು, ಮಿಕ್ಕ 25,000ವನ್ನು ನಮ್ಮ ಸ್ತ್ರೀಶಕ್ತಿ ಸಂಘ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ಕೊಟ್ಟಿತು. ಮೇ ತಿಂಗಳಲ್ಲಿ ಸಾಲ ಮಂಜೂರಾಯಿತು. ಬ್ಯಾಂಕು ಹಣವನ್ನು ಯಂತ್ರದವರ ಖಾತೆಗೇ ನೇರವಾಗಿ ಕಳಿಸಿತು.

ಸಹಾಯಧನದ ಬಗ್ಗೆ ನಮ್ಮ ಕಡೆ ತಪ್ಪು ತಿಳಿವಳಿಕೆ ಬಹಳವಿದೆ, ಅದರಿಂದ ಕೆಲವರು ತೊಂದರೆಗೂ ಸಿಕ್ಕಿದ್ದಾರೆ. 3 ಲಕ್ಷ ಸಬ್ಸಿಡಿ ಬಂತಂತೆ ಎಂದು ಊರವರು ನನ್ನನ್ನು ಕೇಳುತ್ತಾರೆ. ಆ ಹಣ ನನ್ನ ಕೈಗೆ ಬಂದಿಲ್ಲ, ಬರುವುದೂ ಇಲ್ಲ. ಅದು 2024ರ ಜನವರಿಯಲ್ಲಿ ಬ್ಯಾಂಕಿಗೆ ಬಂದು ನನ್ನ ಸಾಲದ ಜೊತೆಗಿನ ಬೇರೆ ಖಾತೆಯಲ್ಲಿ ಕುಳಿತಿದೆ. ಅಷ್ಟು ಮೊತ್ತದ ಮೇಲೆ ಬ್ಯಾಂಕು ನನಗೆ ಬಡ್ಡಿ ಹಾಕುವುದಿಲ್ಲ. ಸಾಲದ ಕೊನೆಯ ಕಂತು ಬಿಡುಗಡೆಯಾದ ದಿನದಿಂದ ಮೂರು ವರ್ಷ, ಅಂದರೆ 2026ರ ಆಗಸ್ಟಿನವರೆಗೆ ನಾನು ಸುಸ್ತಿಯಾಗದೆ ಕಟ್ಟುತ್ತಿದ್ದು ಘಟಕವೂ ನಡೆಯುತ್ತಿದ್ದರೆ ಮಾತ್ರ ಅದು ಸಾಲಕ್ಕೆ ಜಮೆಯಾಗುತ್ತದೆ. ಆದ್ದರಿಂದ ಮೊದಲ ತಿಂಗಳಿನಿಂದ ಸುಮಾರು 11,600 ರೂಪಾಯಿ ಕಂತನ್ನು ರೊಟ್ಟಿಯಿಂದಲೇ ಕಟ್ಟಬೇಕು. ಸಬ್ಸಿಡಿಯನ್ನು ಲೆಕ್ಕದಿಂದ ಹೊರಗಿಟ್ಟು, ಇಡೀ ಸಾಲ ನನ್ನದೇ ಎಂದು ತಿಳಿದು ಕಂತು ಕಟ್ಟಲಾದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು.

ಇನ್ನೊಂದು ಕೊರತೆಯನ್ನು ಯೋಜನೆ ಮಾಡಿದವರು ಗಮನಿಸಬೇಕೆಂದು ನನ್ನ ಕೋರಿಕೆ. ಯಂತ್ರಕ್ಕೆ ಸಿಕ್ಕಷ್ಟು ಸುಲಭವಾಗಿ ಜೋಳಕ್ಕೆ ಹಣ ಸಿಗುವುದಿಲ್ಲ. ಬಿಳಿಜೋಳದ ಸುಗ್ಗಿ ಫೆಬ್ರುವರಿ–ಮಾರ್ಚಿನಲ್ಲಿ. ಆಗ ಕೊಂಡು ಬೇವಿನ ಸೊಪ್ಪು ಹಾಕಿ ಇಟ್ಟುಕೊಂಡವರು ಗೆದ್ದರು. 2024ರಲ್ಲಿ ನನ್ನ ಕೈಯಲ್ಲಿ ಹಣವಿಲ್ಲದೆ ಶ್ರಾವಣದಲ್ಲಿ ಕೊಂಡಾಗ ಸುಗ್ಗಿಯ ದರಕ್ಕಿಂತ ಕ್ವಿಂಟಲ್ಲಿಗೆ 700 ರೂಪಾಯಿ ಹೆಚ್ಚು ಕೊಟ್ಟೆ ಎಂದು ನನ್ನ ಪುಸ್ತಕ ಹೇಳುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬಂದ ಬೇಡಿಕೆಯಲ್ಲೂ ಅರ್ಧದಷ್ಟನ್ನು ಸಜ್ಜೆ ಕೊಳ್ಳಲು ದುಡ್ಡಿಲ್ಲದೆ ಬಿಟ್ಟೆ. ಕಂತುಗಳನ್ನು ಒಂದೂ ತಪ್ಪಿಸದೆ ಕಟ್ಟಿದ್ದನ್ನು ತೋರಿಸಿ, ಅದೇ ಶಾಖೆಯಲ್ಲಿ ಮುದ್ರಾ ಯೋಜನೆಯ ಕಿಶೋರ್ ವಿಭಾಗದಡಿ, ಅಂದರೆ 50,000ದಿಂದ 5 ಲಕ್ಷದವರೆಗಿನ ಸಾಲದಲ್ಲಿ, 1,50,000 ರೂಪಾಯಿಯ ದುಡಿಮೆ ಬಂಡವಾಳದ ಮಿತಿ ಪಡೆದೆ. ಈ ಸಲ ಯಜಮಾನರು ಎಲ್ಲಿ ಎಂದು ಯಾರೂ ಕೇಳಲಿಲ್ಲ. 2025ರ ಮಾರ್ಚಿನಲ್ಲಿ 40 ಕ್ವಿಂಟಲ್ ಜೋಳ ಕೊಂಡೆ. ದಿನಕ್ಕೆ 800 ರೊಟ್ಟಿಯಂತೆ ಅದು ಮೂರು ತಿಂಗಳಿಗೆ ಬಂತು, ಉಳಿದದ್ದು 28,000 ರೂಪಾಯಿ.

ಮೊದಲ ದಿನದಿಂದ ನನ್ನೊಂದಿಗೆ ರೊಟ್ಟಿ ಬಡಿದ ಇಬ್ಬರಲ್ಲಿ ಒಬ್ಬರು ಈಗ ತಮ್ಮ ಮನೆಯಲ್ಲೇ ಶೇಂಗಾ ಹೋಳಿಗೆಯ ಘಟಕ ಮಾಡಬೇಕೆಂದಿದ್ದಾರೆ. ಅವರು ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಮುಟ್ಟದೆ ಕೂಡಿಸಿಟ್ಟಿದ್ದಾರೆ. ಅವರ ನಾಲ್ಕು ವರದಿಗಳನ್ನೂ ತೆಗೆಸಿ ನೋಡಿದೆವು, ಬಾಕಿ ಇಲ್ಲ. ಮನೆ ಮಾತ್ರ ಎಂಟು ವರ್ಷದ ಹಿಂದೆ ತೀರಿಕೊಂಡ ಪತಿಯ ಹೆಸರಿನಲ್ಲೇ ಇದೆ. ಕಳೆದ ಸೋಮವಾರ ಇಬ್ಬರೂ ಗ್ರಾಮ ಪಂಚಾಯಿತಿಗೆ ಹೋಗಿ ವಾರಸಾ ಬದಲಾವಣೆಗೂ ಇ-ಸ್ವತ್ತಿನ ನಮೂನೆಗೂ ಅರ್ಜಿ ಕೊಟ್ಟು ಬಂದಿದ್ದೇವೆ. ಸ್ವೀಕೃತಿ ಪತ್ರದಲ್ಲಿ ಅವರ ಹೆಸರು ಒಂದು ಅಕ್ಷರ ತಪ್ಪಾಗಿ ಅಚ್ಚಾಗಿತ್ತು. ಅಲ್ಲೇ ನಿಂತು ಸರಿಪಡಿಸಿಕೊಂಡೇ ಹೊರಟೆವು.